ಓಡುವಾಗ ಪಾದ ಜೋಮು ಹಿಡಿಯುವ ಕುರಿತು

ಮಾನ್ಯ ಸದಸ್ಯರೇ,

ಕುಂದವಾಡ ಕೆರೆಯ ಬಳಿ ಬೆಳಗಿನ ಓಟಕ್ಕೆ ಬರುವ ನಮ್ಮಲ್ಲಿ ಮೂವರು, ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಪಾದ ಜೋಮು ಹಿಡಿದು ಮೊಣಕಾಲ ಕೆಳಗೆ ಬಿಗಿತ ಉಂಟಾಗುತ್ತದೆಂದು ತಿಳಿಸಿರುವುದರಿಂದ ಈ ಸೂಚನೆ.

ಮೊದಲು ಶೂ ಲೇಸ್ ನೋಡಿಕೊಳ್ಳಿ. ಪಾದದ ಮೇಲ್ಭಾಗದಲ್ಲಿ ನರಗಳು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುವುದರಿಂದ ಬಿಗಿಯಾದ ಲೇಸ್ ಅವುಗಳನ್ನು ಒತ್ತುತ್ತದೆ. ಓಡುತ್ತಾ ಪಾದ ತುಸು ಊದಿಕೊಂಡಂತೆ ಒತ್ತಡ ಇನ್ನೂ ಹೆಚ್ಚುತ್ತದೆ. ನಿನ್ನೆ ಒಬ್ಬರು ಶೂ ಕಳಚಿದಾಗ ಪಾದದ ಮೇಲೆ ಲೇಸಿನ ಅಡ್ಡಗೆರೆಗಳು ಕೆಂಪಗೆ ಅಚ್ಚೊತ್ತಿದ್ದವು. ನಡುವಿನ ಒಂದು ಜೊತೆ ತೂತು ಬಿಟ್ಟು ಕಟ್ಟಿಕೊಂಡ ಮೇಲೆ ಅವರಿಗೆ ಜೋಮು ಬರಲಿಲ್ಲ.

ಲೇಸ್ ಸಡಿಲಿಸಿದರೂ ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಬಿಗಿತ ಆರಂಭವಾಗಿ, ನಿಂತ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತಿದ್ದರೆ ವಿಷಯ ಬೇರೆ. ಮೊಣಕಾಲ ಕೆಳಗಿನ ಸ್ನಾಯುಗಳು 4 ವಿಭಾಗಗಳಾಗಿ, ಹೆಚ್ಚು ಹಿಗ್ಗದ ಪೊರೆಗಳೊಳಗೆ ಕೂತಿವೆ. ಓಟದಲ್ಲಿ ರಕ್ತ ತುಂಬಿ ಸ್ನಾಯು ಉಬ್ಬಿದಾಗ ಕೆಲವರಲ್ಲಿ ಒಳಗಿನ ಒತ್ತಡ ಏರಿ ನರವೂ ಅದುಮಿಹೋಗುತ್ತದೆ. ವೈದ್ಯರು ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಓಡಿ ಓಡಿ ಸರಿಹೋಗುತ್ತದೆಂದು ಹಲ್ಲು ಕಚ್ಚಿ ಸಹಿಸುವುದು ತಪ್ಪೆಂಬುದು ನನ್ನ ದೃಢ ಅಭಿಪ್ರಾಯ. ಎಷ್ಟು ನಿಮಿಷಕ್ಕೆ ಶುರುವಾಯಿತು, ಯಾವ ಬೆರಳುಗಳು ಮರಗಟ್ಟಿದವು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಬರೆದುಕೊಂಡು ಮೂಳೆ ವೈದ್ಯರನ್ನು ಕಾಣಿರಿ.

ಸುಮ್ಮನೆ ಕುಳಿತಾಗಲೂ ಜೋಮು ಇರುವವರು ರಕ್ತದ ಸಕ್ಕರೆ ಮತ್ತು ಬಿ12 ಪರೀಕ್ಷಿಸಿಕೊಳ್ಳಬೇಕು. ಓಟ ನಿಲ್ಲಿಸಿದ ಮೇಲೂ ನೋವು ಏರುತ್ತಲೇ ಹೋದರೆ, ಅಥವಾ ಪಾದವನ್ನು ಮೇಲಕ್ಕೆತ್ತಲು ಆಗದಿದ್ದರೆ, ಮನೆಗೆ ಹೋಗಿ ಎಣ್ಣೆ ತಿಕ್ಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿರಿ.

ತೊಂದರೆ ಇರುವವರು ಭಾನುವಾರ 15 ನಿಮಿಷ ಮುಂಚಿತವಾಗಿ ಬಂದರೆ ಲೇಸ್ ಕಟ್ಟುವ ಕ್ರಮವನ್ನು ಒಟ್ಟಿಗೆ ನೋಡೋಣ.