ಊರಿಗೆ ಮರಳಿದವರಿಗೂ ಕೆಲಸ ಹೇಳಿ

ಮಾನ್ಯ ಸಂಪಾದಕರೇ,

ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾಗಿ ಕೋಟೇಶ್ವರದ ಹತ್ತಿರದ ನಮ್ಮೂರಿಗೆ ಬಂದು ವರ್ಷಗಳೇ ಆದವು. ಈಗಲೂ ದಾರಿಯಲ್ಲಿ ಸಿಕ್ಕವರು ಕೇಳುವುದು, "ಯಾವಾಗ ಬಂದದ್ದ್? ಹೋಪ್ದ್ ಯಾವಾಗ?" ಹೋಗುವುದೆಲ್ಲಿಗೆ? ಅಮೆರಿಕ, ಕೆನಡಾದಲ್ಲಿ ಸಿಗುವ ಹಾಗೆ ಕೊಲ್ಲಿಯಲ್ಲಿ ದುಡಿಯಲು ಹೋದವರಿಗೆ ಪೌರತ್ವ ಸಿಗುವುದಿಲ್ಲ. ಕೆಲಸ ಮುಗಿದರೆ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಮುಗಿಯಿತು, ಹೊರಡಲೇಬೇಕು. ಕೊನೆಗೆ ಊರೇ ಗತಿ ಎಂದುಕೊಂಡೇ ಅಲ್ಲಿ ದಿನ ದೂಡಿದವರು ನಾವು.

ಗುಡಿಯ ಜೀರ್ಣೋದ್ಧಾರವಿರಲಿ, ಬಯಲಾಟವಿರಲಿ, ರಸೀದಿ ಪುಸ್ತಕ ಮೊದಲು ನಮ್ಮ ಮನೆಗೇ ಬರುತ್ತದೆ. ಕೊಡಲು ಬೇಸರವಿಲ್ಲ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಇಂದಿಗೂ 'ವಿದೇಶದ ದಾನಿಗಳು' ಎಂಬ ತಲೆಬರಹದ ಕೆಳಗೇ ಇರುತ್ತದೆ. ಕೊಡಿ ಹಬ್ಬಕ್ಕೆ ನೆಂಟರೆಲ್ಲ ಸೇರಿದಾಗ ಹೆರೆಮಣೆ ಎಳೆದುಕೊಂಡು ಕಾಯಿ ಹೆರೆಯಲು ಕುಳಿತರೆ, "ನೀವ್ ಕೂಕಣಿ ಅಕ್ಕ, ನಿಮ್ಗ್ ಅಭ್ಯಾಸ ಇಲ್ಲ" ಎಂದು ಎಬ್ಬಿಸಿ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ಹುಟ್ಟಿದ ಮನೆಯಲ್ಲಿ ಕೈಗೆ ಕೆಲಸವಿಲ್ಲದೆ ಕೂರುವುದು ನುಂಗಲಾರದ ಸಂಕಟ.

ನಾನು ಬಹುಕಾಲ ಇದ್ದದ್ದು ಡಯಾಲಿಸಿಸ್ ವಾರ್ಡಿನಲ್ಲಿ. ಮೂತ್ರಪಿಂಡ ಕೆಡಲು ಸಕ್ಕರೆ ಕಾಯಿಲೆ, ಬಿಪಿ ಎರಡೇ ಮುಖ್ಯ ಕಾರಣ. ನಮ್ಮೂರಲ್ಲಿ ಇವೆರಡರ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. 30 ವರ್ಷ ದಾಟಿದವರ ತಪಾಸಣೆಗೆಂದು ಆಶಾ ಕಾರ್ಯಕರ್ತೆ ಒಬ್ಬಳೇ ಬಿಸಿಲಲ್ಲಿ ಮನೆಮನೆ ಸುತ್ತುತ್ತಾಳೆ. ಅವಳ ಜೊತೆ ಹೋಗಿ ಜನರಿಗೆ ತಿಳಿಸಿ ಹೇಳುತ್ತೇನೆ ಎಂದು ಸಂಬಂಧಪಟ್ಟವರನ್ನು ಕೇಳಿದೆ. "ನಿಮಗೆ ಯಾಕೆ ಈ ಉಸಾಬರಿ, ಆರಾಮಾಗಿರಿ" ಎಂದರು.

ಕೇರಳ 1996ರಲ್ಲೇ ಹೊರನಾಡಿನಲ್ಲಿ ದುಡಿಯುವವರಿಗಾಗಿ ನೋರ್ಕಾ ಇಲಾಖೆ ತೆರೆಯಿತು. ಮರಳಿ ಬಂದವರಿಗೆ ಸ್ವಂತ ಉದ್ಯೋಗಕ್ಕೆ ಸಾಲ, ಕ್ಷೇಮನಿಧಿಗೆ ಚಂದಾ ಕಟ್ಟಿದವರಿಗೆ ಪಿಂಚಣಿ ಅಲ್ಲಿವೆ. ಅಂಥ ಏರ್ಪಾಡು ನಮ್ಮ ಕರಾವಳಿಯವರಿಗೂ ಬೇಕು, ನಿಜ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ದುಡ್ಡೂ ಖರ್ಚಾಗದ್ದು. ಮರಳಿ ಬಂದ ನರ್ಸ್, ವೆಲ್ಡರ್, ಎಲೆಕ್ಟ್ರಿಷಿಯನ್, ಅಡುಗೆಯವರು ಯಾರ್‍ಯಾರಿದ್ದಾರೆ ಎಂದು ಗ್ರಾಮ ಪಂಚಾಯಿತಿಯವರು ಪಟ್ಟಿ ಮಾಡಲಿ. ಗ್ರಾಮಸಭೆಗೆ ಕರೆದು, ಇಂಥ ಕೆಲಸ ನಿಮ್ಮಿಂದ ಆಗುತ್ತದೆಯೇ ಎಂದು ಕೇಳಲಿ. ಬಿಪಿ ನೋಡುವ ಯಂತ್ರ ನನ್ನ ಹತ್ತಿರ ಇದೆ. ಬೆಳಗಿನ ಹೊತ್ತು ಬಿಡುವೂ ಇದೆ.

– ನಿವೃತ್ತ ನರ್ಸ್, ಕುಂದಾಪುರ ತಾಲ್ಲೂಕು