ಹಳೆಯ ಹ್ಯಾಟನ್ನು ದಯವಿಟ್ಟು ತೊಳೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಗಂಡಸರ ಹಳೆಯ ಹ್ಯಾಟುಗಳ ಬಗ್ಗೆ ಬಂದ ಪುಟವನ್ನು ಆಸೆಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯಲ್ಲಿ ಜಾಗ ಸಿಕ್ಕುವುದೇ ಅಪರೂಪ, ಅದಕ್ಕೆ ವಂದನೆಗಳು. ಆದರೆ ಆ ಪುಟದ ಕೆಳಗೆ ಚೌಕ ಕಟ್ಟಿ ಕೊಟ್ಟಿದ್ದ ಸಲಹೆಗಳನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸೋಪಿನ ಬಿಸಿನೀರಿನಲ್ಲಿ ನೆನೆಸಿ ಉಜ್ಜಿ, ಒಳಗಿನ ಚರ್ಮದ ಪಟ್ಟಿ ಕಿತ್ತುಹಾಕಿ ಹೊಸದನ್ನು ಅಂಟಿಸಿ, ಬಿಸಿಲಿಗಿಟ್ಟು ಒಣಗಿಸಿ ಎಂದು ಅಲ್ಲಿ ಬರೆದಿದೆ. ಇದನ್ನು ನಂಬಿ ಎಷ್ಟು ಜನ ಅಟ್ಟದಿಂದ ಹ್ಯಾಟು ಇಳಿಸಿ ಬಕೆಟ್ಟಿಗೆ ಹಾಕಿದ್ದಾರೋ ಎಂಬ ಚಿಂತೆಯಿಂದಲೇ ಈ ಪತ್ರ. ಫೆಡೋರಾ, ಹಾಂಬರ್ಗ್, ಬೌಲರ್ ಏನೇ ಸಿಕ್ಕಲಿ, ತಂದು, ಸರಿಮಾಡಿ, ತಲೆಗಿಟ್ಟುಕೊಂಡು ಓಡಾಡುವವನು ನಾನು.

ಮೊದಲು ಈ ಹ್ಯಾಟುಗಳನ್ನು ಮಾಡಿರುವ ಫೆಲ್ಟ್ ಎಂದರೇನು ಎಂಬುದು ತಿಳಿದಿರಬೇಕು. ಅದಕ್ಕೆ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಒಳ್ಳೆಯ ಹ್ಯಾಟಿನ ಫೆಲ್ಟ್ ಎಂದರೆ ಮೊಲ, ಕಾಡುಮೊಲ, ಬೀವರ್ ಇವುಗಳ ಮೈಯ ಮೆತ್ತನೆಯ ತುಪ್ಪಳ. ಆ ಒಂದೊಂದು ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪರೆಗಳಿರುತ್ತವೆ. ಬಿಸಿ, ತೇವ, ಒತ್ತಡ ಮೂರೂ ಸೇರಿದಾಗ ಅವು ಒಂದರೊಳಗೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಕಾರ್ಖಾನೆಯಲ್ಲಿ ತುಪ್ಪಳವನ್ನು ದೊಡ್ಡ ಶಂಕುವಿನ ಆಕಾರಕ್ಕೆ ಹರಡಿ, ಬಿಸಿನೀರಿನಲ್ಲಿ ಮತ್ತೆ ಮತ್ತೆ ಹೊರಳಿಸಿ ಕುಗ್ಗಿಸಿಯೇ ಹ್ಯಾಟಿನ ಮೈ ತಯಾರಾಗುವುದು. ಬಕೆಟ್ಟಿನಲ್ಲಿ ಸೋಪು ಹಾಕಿ ತಿಕ್ಕಿದರೆ ಅದೇ ಕೆಲಸ ಮುಂದುವರಿಯುತ್ತದೆ. 58 ಸೆಂಟಿಮೀಟರ್ ಸುತ್ತಳತೆಯ ಹ್ಯಾಟು ಕುಗ್ಗಿ ಬಿಗಿಯಾಗುತ್ತದೆ, ಅಂಚು ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಒಳಗಿನ ಚರ್ಮ ಒಣಗಿದ ಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ.

ಧೂಳಿಗೆ ಮೆತ್ತನೆಯ ಕುದುರೆಕೂದಲಿನ ಬ್ರಷ್ ಸಾಕು. ತುಪ್ಪಳ ಮಲಗಿರುವ ದಿಕ್ಕಿಗೆ, ಅಂದರೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ, ಹಗುರವಾಗಿ ಎಳೆಯಬೇಕು. ಕಪ್ಪು ಹ್ಯಾಟಿಗೊಂದು, ತಿಳಿಬಣ್ಣದ್ದಕ್ಕೊಂದು ಬ್ರಷ್ ಇರಲಿ. ಎಣ್ಣೆಕಲೆ ಹೊಸದಾಗಿದ್ದರೆ ಅದರ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿದರೆ ಬಹಳಷ್ಟು ಹೋಗುತ್ತದೆ. ಹಳೆಯ ಕಲೆ ಪೂರ್ತಿ ಹೋಗುವುದಿಲ್ಲ. ಹೋಗದಿದ್ದರೆ ಇರಲಿ.

ಈಗ ಒಳಗಿನ ಪಟ್ಟಿಯ ವಿಷಯ. ನಿಮ್ಮ ಪುಟ ಓದುವಾಗ ನನಗೆ ಅತಿ ಹೆಚ್ಚು ನೋವಾದದ್ದು ಅಲ್ಲಿಯೇ. ಹ್ಯಾಟುಪ್ರಿಯರು ಅದನ್ನು ಬೆವರುಪಟ್ಟಿ ಎನ್ನುತ್ತೇವೆ. ಬೆವರು ಫೆಲ್ಟಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಆದರೆ ಹ್ಯಾಟಿನ ಜಾತಕವಿರುವುದೂ ಅದರ ಹಿಂದೆಯೇ. ನನ್ನ ಬಳಿ ಬೂದುಬಣ್ಣದ ಒಂದು ಸ್ಟೆಟ್ಸನ್, ಅಂದರೆ ಆ ಹೆಸರಿನ ಅಮೆರಿಕದ ಕಂಪನಿಯ ಹ್ಯಾಟು, ಇದೆ. ಹೊರಗಿನಿಂದ ನೋಡಿದರೆ ವಿಶೇಷವೇನೂ ಇಲ್ಲ, ರಿಬ್ಬನ್ ಮಾಸಿದೆ, ನೆತ್ತಿಯ ಮುಂಭಾಗದಲ್ಲಿ ಬೆರಳಿನಿಂದ ಚಿವುಟಿ ಚಿವುಟಿ ಸಣ್ಣ ಬಿರುಕು ಬಿಟ್ಟಿದೆ. ಕೈಗವಸು ತೊಟ್ಟು ಬೆವರುಪಟ್ಟಿಯನ್ನು ಮೆಲ್ಲಗೆ ಹೊರಮಗುಚಿ ನೋಡಿದೆ. ಪಟ್ಟಿಯ ಹಿಂಬದಿಗೆ ಅಂಟಿಸಿದ ಸಣ್ಣ ಚೀಟಿಯಲ್ಲಿ 7 1/4 ಎಂಬ ಅಳತೆ. ಅಮೆರಿಕದ ಈ ಅಳತೆ ಎಂದರೆ ಹೆಚ್ಚುಕಡಿಮೆ 58 ಸೆಂಟಿಮೀಟರ್. ಪಕ್ಕದಲ್ಲಿ ಹೊಲಿದ ಕಾಗದದ ಮೇಲೆ ಕಾರ್ಮಿಕ ಸಂಘದ ಮುದ್ರೆ: ಯುನೈಟೆಡ್ ಹ್ಯಾಟರ್ಸ್, ಕ್ಯಾಪ್ ಆ್ಯಂಡ್ ಮಿಲಿನರಿ ವರ್ಕರ್ಸ್. ಅದರ ಹಿಂದೆ, ನಾಲ್ಕು ಮಡಿಕೆ ಮಾಡಿ ತುರುಕಿದ ಪತ್ರಿಕೆಯ ಒಂದು ತುಂಡು. ಹ್ಯಾಟು ಸ್ವಲ್ಪ ಸಡಿಲವಾದಾಗ ಜನ ಹೀಗೆ ಕಾಗದ ಇಟ್ಟುಕೊಳ್ಳುತ್ತಿದ್ದರು. ಕಾಗದ ಚಹದ ಬಣ್ಣಕ್ಕೆ ತಿರುಗಿದೆ. ಒಂದು ಬದಿಯಲ್ಲಿ ಶೂ ಜಾಹೀರಾತಿನ ಅರ್ಧ, ಇನ್ನೊಂದು ಬದಿಯ ಮೇಲಂಚಿನಲ್ಲಿ ಹರಿದುಹೋಗದೆ ಉಳಿದ ಇಸವಿ, 1951. ಸಂಪಾದಕರೇ, ಒಂದು ದಿನದ ಪತ್ರಿಕೆ ಒಬ್ಬ ಮನುಷ್ಯನ ಹಣೆಗೆ ಒತ್ತಿಕೊಂಡು ಇಷ್ಟು ಕಾಲ ಉಳಿದಿದೆ ಎಂಬುದು ನಿಮಗೂ ಇಷ್ಟವಾಗುತ್ತದೆ ಎಂದುಕೊಂಡಿದ್ದೇನೆ.

ಆ ಪಟ್ಟಿಯನ್ನು ಕಿತ್ತಿದ್ದರೆ ಇದೆಲ್ಲ ಕಸದ ಬುಟ್ಟಿಗೆ ಹೋಗುತ್ತಿತ್ತು. ಇದು ಬರೀ ಭಾವುಕತೆಯ ಮಾತಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ನಿಮ್ಮ ಪುಟ ಒಂದಕ್ಷರವೂ ಹೇಳದ ವಿಷಯವಿದು. ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಎಂದು ಹಿಂದೆ ಅದಕ್ಕೆ ಪಾದರಸದ ನೈಟ್ರೇಟ್ ದ್ರಾವಣ ಹಚ್ಚುತ್ತಿದ್ದರು. ಅದರ ಆವಿ ಕುಡಿದ ಕಾರ್ಮಿಕರಿಗೆ ಕೈಕಾಲು ನಡುಗುತ್ತಿತ್ತು, ಮನಸ್ಸು ಕೆಡುತ್ತಿತ್ತು. ಹ್ಯಾಟುಗಳಿಗೇ ಹೆಸರಾಗಿದ್ದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ಈ ನಡುಕವನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರ ಡಿಸೆಂಬರಿನಲ್ಲಿ. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಫೆಲ್ಟ್ ಹ್ಯಾಟುಗಳಲ್ಲಿ ಇಂದಿಗೂ ಪಾದರಸ ಪತ್ತೆಯಾಗುತ್ತದೆ.

ಹಾಗಾಗಿ ಹ್ಯಾಟಿನ ವಯಸ್ಸು ಗೊತ್ತಾಗಬೇಕು. ನನ್ನ ಬೂದು ಸ್ಟೆಟ್ಸನ್ನಿನ ಮುದ್ರೆಯಲ್ಲಿರುವ ಸಂಘ ಹುಟ್ಟಿದ್ದು 1934ರಲ್ಲಿ, ಎರಡು ಹಳೆಯ ಸಂಘಗಳು ಒಂದಾದಾಗ. ಕಾಗದದ ತುಂಡು 1951ರದು. ಅಂದರೆ ಹ್ಯಾಟು ಈ ಎರಡು ವರ್ಷಗಳ ನಡುವಿನದಿರಬೇಕು, ಮತ್ತು 1941 ಸರಿಯಾಗಿ ನಡುವೆ ಬರುತ್ತದೆ. ಆದ್ದರಿಂದ ಆಕಾರ ಸರಿಮಾಡಲೆಂದು ಅದನ್ನು ನಾನು ಆವಿಗೆ ಹಿಡಿಯಲಿಲ್ಲ, ತಲೆಗೂ ಇಡುವುದಿಲ್ಲ. ಗಾಜಿನ ಕಪಾಟಿನಲ್ಲಿದೆ, ಮುಟ್ಟುವಾಗ ಕೈಗವಸು, ತೆರೆದ ಕಿಟಕಿ. ಅನುಮಾನವಿರುವ ಹ್ಯಾಟನ್ನು ಅಡುಗೆಮನೆಯಲ್ಲಿ ಕೆಟಲ್ಲಿನ ಹಬೆಗೆ ಹಿಡಿಯುವುದಂತೂ ಖಂಡಿತ ಕೂಡದು. ಈ ಒಂದು ವಿಷಯವನ್ನಾದರೂ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯಾಗಿ ಹಾಕಿ ಎಂದು ಬೇಡಿಕೊಳ್ಳುತ್ತೇನೆ.

ರಿಬ್ಬನ್ ಮಾಸಿದ್ದರೆ ಬದಲಾಯಿಸಿ ಎಂದೂ ಬರೆದಿದ್ದೀರಿ. ಅಬ್ರಹಾಂ ಲಿಂಕನ್ ಗುಂಡೇಟಿಗೆ ಗುರಿಯಾದ 1865ರ ಏಪ್ರಿಲ್ 14ರ ರಾತ್ರಿ ಧರಿಸಿದ್ದ ಎತ್ತರದ ಹ್ಯಾಟು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಅದರ ಸುತ್ತ ಕಪ್ಪು ರೇಷ್ಮೆಯ ಅಗಲ ಪಟ್ಟಿಯಿದೆ. ತೀರಿಹೋದ ಮಗ ವಿಲ್ಲಿಯ ನೆನಪಿಗೆ ಲಿಂಕನ್ ಅದನ್ನು ಹಾಕಿಸಿಕೊಂಡಿದ್ದರು. ಯಾರಾದರೂ ಹಳೆಯದಾಯಿತೆಂದು ಅದನ್ನು ತೆಗೆದು ಹೊಸ ರಿಬ್ಬನ್ ಕಟ್ಟಿದ್ದರೆ? ನಮ್ಮ ಮನೆಗಳ ಹ್ಯಾಟುಗಳು ಲಿಂಕನ್ನನವಲ್ಲ, ನಿಜ. ಆದರೆ ಅವನ್ನು ಹಾಕಿಕೊಂಡವರೂ ಯಾರಿಗೋ ಬೇಕಾದವರಾಗಿದ್ದರು. ಬೆವರುಪಟ್ಟಿ ಬಿಚ್ಚಿಕೊಂಡಿದ್ದರೆ ಬಾಗಿದ ಸಣ್ಣ ಸೂಜಿಯಿಂದ ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿಯಿರಿ, ಹೊಸ ತೂತು ಮಾಡಬೇಡಿ. ಅಂಟು ಬೇಡವೇ ಬೇಡ. ಅದು ಗಟ್ಟಿಯಾಗುತ್ತದೆ, ಹೊರಗೆ ಕಲೆಯಾಗಿ ಇಳಿಯುತ್ತದೆ, ನಿಮ್ಮ ನಂತರ ಆ ಹ್ಯಾಟು ಸಿಕ್ಕವರು ಅದನ್ನು ಬಿಡಿಸಲಾರರು.

ಇನ್ನೊಂದು ಸಣ್ಣ ಮಾತು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಬರಿತಲೆಯಲ್ಲಿ ಅಧಿಕಾರ ವಹಿಸಿಕೊಂಡಿದ್ದರಿಂದ ಹ್ಯಾಟಿನ ಕಾಲ ಮುಗಿಯಿತು ಎಂದು ಬರೆದಿದ್ದೀರಿ. ಕೆನಡಿ ಅಂದು ರೇಷ್ಮೆಯ ಟಾಪ್ ಹ್ಯಾಟ್ ಧರಿಸಿಯೇ ಬಂದಿದ್ದರು, ಭಾಷಣದ ಹೊತ್ತಿಗೆ ತೆಗೆದಿಟ್ಟರು. ಹ್ಯಾಟು ಕಡಿಮೆಯಾಗತೊಡಗಿದ್ದು ಅದಕ್ಕಿಂತ ಎಷ್ಟೋ ಮೊದಲು.

ಕಪಾಟಿನಲ್ಲಿಟ್ಟರೆ ಸಾಕೇ, ಹಾಕಿಕೊಳ್ಳಬಾರದೇ ಎಂದರೆ, ಖಂಡಿತ ಹಾಕಿಕೊಳ್ಳಬೇಕು. ವಯಸ್ಸು ಖಚಿತವಾಗಿ ತಿಳಿದ, ಪಾದರಸದ ಭಯವಿಲ್ಲದ ಹ್ಯಾಟುಗಳನ್ನು ನಾನು ದಿನವೂ ಹಾಕುತ್ತೇನೆ. ಮೂಲೆಯಲ್ಲಿ ಬಿದ್ದ ಹ್ಯಾಟಿಗೆ ಬಟ್ಟೆ ತಿನ್ನುವ ಪತಂಗದ ಹುಳು ಬೀಳುತ್ತದೆ. ದಿನವೂ ಕೈಯಾಡಿದ ಹ್ಯಾಟಿನಲ್ಲಿ ಅದು ಸುಲಭಕ್ಕೆ ನೆಲೆಯೂರುವುದಿಲ್ಲ. ಹುಳ ಬಿದ್ದಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವ ತನಕ ಚೀಲ ಬಿಚ್ಚಬೇಡಿ. ಹ್ಯಾಟು ತೆಗೆಯುವಾಗ ನೆತ್ತಿ ಚಿವುಟದೆ ಅಂಚನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಕೆಳಗಿಡುವಾಗ ನೆತ್ತಿ ಕೆಳಗಾಗಿರಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಈಕ್ವೆಡಾರ್‌ನ ಟೊಕಿಯಾ ಹುಲ್ಲಿನ ಪನಾಮಾ ಹ್ಯಾಟಾದರೆ, ನಿಮ್ಮ ಪುಟದ ಚಿತ್ರದಲ್ಲಿ ತೋರಿಸಿದಂತೆ ಸುರುಳಿ ಸುತ್ತಬೇಡಿ. ಹಳೆಯ ಒಣ ಹುಲ್ಲು ಮಡಿಕೆಯಲ್ಲಿ ಮುರಿಯುತ್ತದೆ.

ಈಗಾಗಲೇ ಹ್ಯಾಟನ್ನು ನೆನೆಸಿಬಿಟ್ಟವರಿಗೆ: ಹಿಂಡಬೇಡಿ. ಬೆವರುಪಟ್ಟಿಯನ್ನು ಹೊರಮಗುಚಿ, ಅಂಚು ನೆಲಕ್ಕೆ ತಾಗದಂತೆ ಆ ಪಟ್ಟಿಯ ಮೇಲೆಯೇ ಹ್ಯಾಟನ್ನು ನಿಲ್ಲಿಸಿ. ನೆತ್ತಿಯೊಳಗೆ ಬಿಳಿಯ ಒಣ ಬಟ್ಟೆ ಸಡಿಲವಾಗಿ ತುಂಬಿ, ತೇವವಾದಂತೆ ಬದಲಿಸಿ. ಬಿಸಿಲು, ಹೀಟರ್, ಹೇರ್ ಡ್ರೈಯರ್ ಯಾವುದೂ ಬೇಡ. ಗಾಳಿಯಾಡುವ ನೆರಳಿನಲ್ಲಿ ತಾನಾಗಿ ಒಣಗಲಿ, ಪೂರ್ತಿ ಒಣಗಿದ ಮೇಲೆ ಬ್ರಷ್ ಮಾಡಿ. ಬಿಗಿಯಾಗಿದ್ದರೆ ಹ್ಯಾಟು ಹಿಗ್ಗಿಸುವ ಮರದ ಸ್ಟ್ರೆಚರ್ ಒಳಗಿಟ್ಟು ದಿನಕ್ಕೆ ಸ್ವಲ್ಪವೇ ತಿರುಗಿಸಿ. ಒಮ್ಮೆಲೇ ತಿರುಗಿಸಿದರೆ ಬೆವರುಪಟ್ಟಿಯ ಹಿಂಭಾಗದ ಹೊಲಿಗೆ ಹರಿಯುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ