ಮಗಳಿಗೊಂದು ಪತ್ರ: ಯಾವುದು ಹಳೇದು, ಯಾವುದು ಹೊಸದು

ಬೆಟಗೇರಿ, ಗದಗ

ಪ್ರೀತಿಯ ಮಗಳೇ,

ನೀನು ಕಳಿಸಿದ ಚಾರಣದ ಸಾಮಾನಿನ ಲಿಸ್ಟ್ ಸಿಕ್ಕಿತು. ಕೆಳಗೆ 41,000 ಅಂತ ಬರೆದು ಎರಡು ಗೆರೆ ಎಳೆದಿದ್ದೀಯ. ನನ್ನ ಕೈಗೆ ಈ ತಿಂಗಳು ಬಂದ ಚೀಟಿ ದುಡ್ಡು 18,000. ಆದರೂ ಡಿಸೆಂಬರಿಗೆ ನೀನು ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೋಗಲೇಬೇಕು. ಅದರಲ್ಲಿ ನನಗೂ ನಿಮ್ಮ ಅಪ್ಪನಿಗೂ ಎರಡು ಮಾತಿಲ್ಲ. ಸುಮಾರು 12,500 ಅಡಿ ಎತ್ತರ, ಹಿಮ ಬೇರೆ. ಅಲ್ಲಿಗೆ ಏನು ಹೊಸದು ಬೇಕು, ಏನು ಹಳೇದು ನಡೆಯುತ್ತದೆ, ಏನು ಬೇಡವೇ ಬೇಡ ಅಂತ ಕೂತು ಯೋಚನೆ ಮಾಡಿದೆ. ಫೋನಿನಲ್ಲಿ ಇಷ್ಟೆಲ್ಲ ಹೇಳೋಕೆ ಆಗುವುದಿಲ್ಲ, ಹಾಸ್ಟೆಲ್ ಗದ್ದಲದಲ್ಲಿ ನಿನಗೆ ಅರ್ಧ ಕೇಳಿಸುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸ್ಲಿಂಗ್ ವಿಷಯ, ಬಂಡೆ ಹತ್ತುವಾಗ ನಿನ್ನ ಭಾರ ಹೊರುವ ಆ ಪಟ್ಟಿಯ ಕುಣಿಕೆ. ಕಳೆದ ಸಲ ಬಂದಾಗ ಅದನ್ನು ಹೊಲಿಗೆ ಮಷಿನ್ ಮೇಲೆ ಇಟ್ಟು, "ಅವ್ವಾ, ಇಲ್ಲೊಂದು ನಾಲ್ಕು ಹೊಲಿಗೆ ಹಾಕಿಕೊಡು" ಎಂದೆ. ಆಗಲ್ಲ ಎಂದಾಗ ಮುಖ ಸಣ್ಣ ಮಾಡಿಕೊಂಡು ಹೋದೆ. ಗಿರಾಕಿಗಳು ಕೂತಿದ್ದರು, ಕಾರಣ ಹೇಳಲು ಆಗಲಿಲ್ಲ.

ನೀನು ಹೋದ ಮೇಲೆ ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಪಟ್ಟಿ ನೀಲಿ, ದಾರ ಹಳದಿ. ನಾವು ರವಿಕೆ ಹೊಲಿಯುವಾಗ ಅರಿವೆಯ ಬಣ್ಣಕ್ಕೆ ಹೊಂದುವ ದಾರ ಹುಡುಕುತ್ತೇವೆ, ಹೊಲಿಗೆ ಕಾಣಬಾರದು ಅಂತ. ಇಲ್ಲಿ ಬೇಕಂತಲೇ ಬೇರೆ ಬಣ್ಣ ಹಾಕಿದ್ದಾರೆ, ಒಂದು ಎಳೆ ಸವೆದರೂ ಕಣ್ಣಿಗೆ ಬೀಳಲಿ ಅಂತ. ಜೀನ್ಸ್ ಪ್ಯಾಂಟಿನ ಬೆಲ್ಟ್ ಲೂಪಿಗೆ ಬಾರ್‌ಟ್ಯಾಕ್ ಹಾಕುತ್ತಾರಲ್ಲ, ಅಂಥದೇ ಒತ್ತೊತ್ತು ಹೊಲಿಗೆ, ಸಾಲು ಸಾಲಾಗಿ. ಎರಡು ಸಾಲಿನಲ್ಲಿ ಹಳದಿ ದಾರ ನೊರೆ ಎದ್ದ ಹಾಗೆ ಕಿತ್ತಿತ್ತು. ಲೇಬಲ್ ಮೇಲೆ 22 ಕೆಎನ್, ಅಂದರೆ ಕಿಲೋನ್ಯೂಟನ್, ಅಂತಿತ್ತು. ಹೊಸದಿದ್ದಾಗ ಸುಮಾರು 2,200 ಕಿಲೋ ಭಾರ ತಡೆಯುವ ಹೊಲಿಗೆ. ಅದನ್ನು ಹಾಕುವ ಮಷಿನ್ ಬೇರೆ, ದಾರ ಬೇರೆ. ಹಾಕಿದ ಮೇಲೆ ಎಳೆದು ಪರೀಕ್ಷೆ ಮಾಡುತ್ತಾರೆ. ನನ್ನ ಸೂಜಿ ಆ ಪಟ್ಟಿಗೆ ಇಳಿದಷ್ಟು ಸಲವೂ ತೂತು ಬೀಳುತ್ತದೆ, ಒಳಗಿನ ಎಳೆ ಕಡಿಯುತ್ತದೆ. ಹೊಲಿದುಕೊಟ್ಟಿದ್ದರೆ ನೋಡೋಕೆ ಚಂದ ಕಾಣುತ್ತಿತ್ತು. ನೀನು ಅದನ್ನು ನಂಬಿ ಬಾದಾಮಿಯ ಬಂಡೆಗೆ ಜೋತುಬೀಳುತ್ತಿದ್ದೆ.

ಅದನ್ನು ಕತ್ತರಿಯಿಂದ ಮೂರು ತುಂಡು ಮಾಡಿ ಎಸೆದಿದ್ದೇನೆ. ಸಿಟ್ಟಾಗಬೇಡ. ಸುಮ್ನೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಇವತ್ತಲ್ಲ ನಾಳೆ ನೀನೋ ನಿನ್ನ ಗೆಳತಿಯೋ ಅದನ್ನೇ ಎತ್ತಿಕೊಂಡು ಹೋಗುತ್ತಿದ್ದಿರಿ.

ಹಗ್ಗ, ಸ್ಲಿಂಗ್, ಸೊಂಟಕ್ಕೂ ತೊಡೆಗೂ ಕಟ್ಟುವ ಹಾರ್ನೆಸ್, ಹೆಲ್ಮೆಟ್. ಈ ನಾಲ್ಕನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಹಳೇದು ತಗೋಬೇಡ. ನೈಲಾನ್ ಬಿಸಿಲಿಗೆ ಸೊರಗುತ್ತದೆ. ಬ್ಯಾಟರಿಯ ಆಸಿಡ್ ತಾಗಿದ ಹಗ್ಗ ಮೇಲುನೋಟಕ್ಕೆ ಹೊಸದರ ಹಾಗೇ ಇರುತ್ತದೆ, ಭಾರ ಬಿದ್ದಾಗ ಹರಿಯುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಒಳಗೇ ಬಿರಿದಿರಬಹುದು. ಮುಟ್ಟದೆ ಇಟ್ಟ ಹಗ್ಗವೂ ಹತ್ತು ವರ್ಷದ ಮೇಲೆ ಬೇಡ ಅಂತ ತಯಾರಿಸುವವರೇ ಬರೆದಿರುತ್ತಾರೆ. ಮಾರುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅದು ಯಾರ ಕೈಯಲ್ಲಿ ಏನಾಗಿತ್ತು ಅನ್ನುವುದು ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ.

ಈಗಲೇ ಇವನ್ನೆಲ್ಲ ಕೊಳ್ಳುವ ಅವಸರವೂ ಇಲ್ಲ. ಕೇದಾರಕಂಠಕ್ಕೆ ಹಾರ್ನೆಸ್ ಬೇಕಿಲ್ಲ. ಬಾದಾಮಿಯಲ್ಲಿ ಬಂಡೆ ಹತ್ತಲು ಕಲಿಸುವವರ ಹತ್ತಿರವೇ ಇರುತ್ತದೆ. ಮುಂದೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಕೋರ್ಸ್ ಮಾಡುವ ಆಸೆ ಇದೆ ಅಂದೆಯಲ್ಲ, ಹಿಮಕ್ಕೆ ಊರುವ ಐಸ್ ಆಕ್ಸ್, ಶೂ ತಳಕ್ಕೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್‌ನಂಥ ಸಾಮಾನನ್ನು ಅಲ್ಲಿ ಅವರೇ ಕೊಡುತ್ತಾರೆ. 1965ರಲ್ಲಿ ಶುರುವಾದ ಸಂಸ್ಥೆ ಅದು, ಬಚೇಂದ್ರಿ ಪಾಲ್ ಕಲಿತದ್ದು ಅಲ್ಲೇ. 1984ರಲ್ಲಿ ಅವರು ಎವರೆಸ್ಟ್ ಹತ್ತಿದಾಗ ನಾನು ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ. ಪೇಪರಿನಲ್ಲಿ ಬಂದಿದ್ದ ಅವರ ಫೋಟೋವನ್ನು ನಮ್ಮ ಅಕ್ಕೋರು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ನೀನು ಅಲ್ಲಿಗೆ ಹೋಗುವ ಮಾತಾಡಿದಾಗ ನನಗೆ ಎಷ್ಟು ಖುಷಿಯಾಯಿತು ಅಂತ ಅವತ್ತು ಹೇಳಲೇ ಇಲ್ಲ.

ಇನ್ನು ಶೂ. ಇದನ್ನೂ ಹೊಸದೇ ತಗೋ. ಕಪ್ಪತಗುಡ್ಡದಲ್ಲಿ ಏನಾಯಿತು ಅಂತ ನಿನಗೆ ನೆನಪಿದೆ. ನೀನು ಒಬ್ಬರಿಂದ ಹಳೇ ಶೂ ಅರ್ಧ ರೇಟಿಗೆ ತಂದಿದ್ದೆ. "ಎರಡೇ ಸಲ ಹಾಕಿದ್ದು, ಆರು ವರ್ಷದಿಂದ ಡಬ್ಬಿಯಲ್ಲೇ ಇದೆ" ಎಂದಿದ್ದರಂತೆ. ಇಳಿಯುವಾಗ ಅಟ್ಟೆ ಬಾಯಿ ತೆರೆದು, ಓಡನಿ ಹರಿದು ಕಾಲಿಗೆ ಕಟ್ಟಿಕೊಂಡು ಬಂದೆ. ಮರುದಿನ ನಾನು ಅದನ್ನು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಕಾಕಾನ ಹತ್ತಿರ ಒಯ್ದೆ. ಅವರು ಅಟ್ಟೆಯ ನಡುವಿನ ಪದರವನ್ನು ಹೆಬ್ಬೆರಳಿನಿಂದ ಒತ್ತಿದರು. ಕಡಕ್ ರೊಟ್ಟಿ ಮುರಿದ ಹಾಗೆ ಪುಡಿಪುಡಿಯಾಗಿ ಉದುರಿತು. "ಇದಕ್ಕೆ ಅಂಟೂ ಹಿಡಿಯಲ್ಲ, ಹೊಲಿಗೆಯೂ ನಿಲ್ಲಲ್ಲ ತಂಗಿ" ಎಂದರು.

ಆಮೇಲೆ ಓದಿ ತಿಳಿದುಕೊಂಡೆ. ಆ ಪದರ ಮೆತ್ತನೆಯ ಫೋಮಿನದು, ಪಾಲಿಯುರೆಥೇನ್‌ದು. ಗಾಳಿಯಲ್ಲಿನ ತೇವ ಕುಡಿದು ಅದು ಒಳಗೊಳಗೇ ಶಿಥಿಲವಾಗುತ್ತದೆ. ಹಾಕದೆ ಇಟ್ಟರೂ ಆಗುತ್ತದೆ. ಹಾಗಾಗಿ ಆ ಮನುಷ್ಯ ಹೇಳಿದ್ದು ನಿಜವೇ ಇರಬಹುದು, ಡಬ್ಬಿಯಲ್ಲಿ ಕಳೆದ ಆರು ವರ್ಷವೇ ಶೂ ತಿಂದುಹಾಕಿತು. ಹೊಸದು ಕೊಳ್ಳುವಾಗಲೂ ತಯಾರಾದ ದಿನಾಂಕ ಕೇಳು. ಸಂಜೆ ಹೋಗಿ ಹಾಕಿ ನೋಡು, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ನೋಡು. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ತಾಗಬಾರದು. ಒಂದು ತಿಂಗಳು ಮೊದಲೇ ತಂದು ಕಾಲೇಜಿಗೂ ಅದನ್ನೇ ಹಾಕಿಕೊಂಡು ಹೋಗು. ಶೂಗೆ 5,000 ತೆಗೆದಿಟ್ಟಿದ್ದೇನೆ.

ಉಳಿದದ್ದರಲ್ಲಿ ಉಳಿತಾಯ ಮಾಡೋಣ. ಜಾಕೆಟ್, ಸ್ಲೀಪಿಂಗ್ ಬ್ಯಾಗ್, ರಕ್‌ಸ್ಯಾಕ್, ಕೋಲು, ಶೂ ಒಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಇವೆಲ್ಲ ಹಳೇದು ಆಗುತ್ತದೆ. ಹರಿದರೆ ನಾನಿದ್ದೇನೆ. ಚೈನ್ ಕೆಟ್ಟಿದೆ ಅಂತ ಬೆಲೆ ಇಳಿಸಿದ್ದರೆ ಧೈರ್ಯವಾಗಿ ತಗೋ. ಎಷ್ಟೋ ಸಲ ಕೆಟ್ಟಿರುವುದು ರನ್ನರ್ ಮಾತ್ರ, ಚೈನಿನ ಹಲ್ಲು ಸರಿ ಇರುತ್ತದೆ. ರನ್ನರ್ ಬದಲಿಸಲು ನನಗೆ ಹತ್ತು ನಿಮಿಷ ಸಾಕು.

ಡೌನ್ ಜಾಕೆಟ್, ಅಂದರೆ ಒಳಗೆ ಪುಕ್ಕ ತುಂಬಿದ್ದು, ನೋಡುವಾಗ ಅಂಗೈಯಲ್ಲಿ ಒತ್ತಿ ಬಿಡು. ಹಿಟ್ಟು ಹುದುಗಿದ ಹಾಗೆ ಮೆಲ್ಲಗೆ ಮೇಲೆ ಬರಬೇಕು. ಒತ್ತಿದಲ್ಲೇ ಕೂತರೆ, ಒಳಗೆ ಗಂಟು ಸಿಕ್ಕರೆ ಬಿಡು. ಇನ್ನೊಂದು, ಹೊಲಿಗೆ ಆಚೆಯಿಂದ ಈಚೆಗೆ ತೂರಿ ಬಂದಿದೆಯಾ ನೋಡು. ನಮ್ಮ ಕೌದಿಯಲ್ಲಿ ಹಾಗೇ ಅಲ್ವಾ? ಅಂಥ ಜಾಕೆಟ್ಟಿನಲ್ಲಿ ಹೊಲಿಗೆ ಬಿದ್ದ ಕಡೆ ಪುಕ್ಕ ಇರುವುದಿಲ್ಲ, ಅಲ್ಲಿಂದ ಚಳಿ ನುಗ್ಗುತ್ತದೆ. ಜಾಕೆಟ್ಟಿಗೆ ನಡೆಯುತ್ತದೆ, ಮೇಲೊಂದು ಗಾಳಿ ತಡೆಯುವ ಕೋಟು ಇರುತ್ತದೆ. ಹಿಮದಲ್ಲಿ ಮಲಗುವ ಬ್ಯಾಗಿಗೆ ಬೇಡ. ಅದಕ್ಕೆ ಮೇಲಿನ ಅರಿವೆಗೂ ಕೆಳಗಿನ ಅರಿವೆಗೂ ನಡುವೆ ಗೋಡೆ ಕಟ್ಟಿದ ಹಾಗೆ ಪಟ್ಟಿ ಕೊಟ್ಟು ಹೊಲಿದಿರಬೇಕು.

ಸ್ಲೀಪಿಂಗ್ ಬ್ಯಾಗಿನ ಲೇಬಲ್ ಮೇಲೆ ಎಷ್ಟು ಚಳಿಗೆ ಆಗುತ್ತದೆ ಅಂತ ಹೇಳುವ ಮೂರು ಅಂಕಿ ಇರುತ್ತವೆ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಮಾರುವವರು ಬಾಯಲ್ಲಿ ಹೇಳುವುದು ಬಹಳ ಸಲ ಎಲ್ಲಕ್ಕಿಂತ ತಣ್ಣಗಿನ ಅಂಕಿ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯುವ ಲೆಕ್ಕ, ನಿದ್ದೆಯದಲ್ಲ. ಲಿಮಿಟ್ ಲೆಕ್ಕ ಹಾಕುವುದು ಗಂಡಸರ ಮೈಗೆ. ಕಂಫರ್ಟ್ ಹೆಂಗಸರ ಮೈಗೆ. ನೀನು ಕಂಫರ್ಟ್ ಒಂದನ್ನೇ ನೋಡು. ನಿನಗೆ ಬೇಕಾದಷ್ಟು ಬೆಚ್ಚಗಿನದು ನಮ್ಮ ದುಡ್ಡಿಗೆ ಸಿಗದಿದ್ದರೆ ಕೊಳ್ಳಲೇಬೇಡ, ಅಲ್ಲೇ ಬಾಡಿಗೆಗೆ ತಗೋ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನಿಗೆ ಬಾಡಿಗೆ ಏನೂ ನಷ್ಟವಲ್ಲ. ಕೊಂಡರೆ, ಅದನ್ನು ಚಿಕ್ಕ ಚೀಲಕ್ಕೆ ತುರುಕಿ ವರ್ಷವಿಡೀ ಇಡಬೇಡ, ಪುಕ್ಕ ಸಾಯುತ್ತದೆ. ನಿಮ್ಮ ಅಜ್ಜಿಯ ಹಳೇ ಇಳಕಲ್ ಸೀರೆಯಲ್ಲಿ ದೊಡ್ಡ ಚೀಲ ಹೊಲಿದಿಟ್ಟಿದ್ದೇನೆ. ಅದರಲ್ಲಿ ಸಡಿಲವಾಗಿ ಹಾಕಿ ತೂಗುಹಾಕು.

ಮೈಗೆ ತಾಗುವ ಬಟ್ಟೆ ಕಾಟನ್ ಬೇಡ. ಮಗ್ಗದ ಸದ್ದು ಕೇಳಿ ಬೆಳೆದವಳು ನಾನು, ಹತ್ತಿ ಬಟ್ಟೆಯೇ ನನಗೆ ಇಷ್ಟ. ಆದರೆ ಬೆವರಿಗೆ ಒದ್ದೆಯಾದ ಕಾಟನ್ ಚಳಿಯಲ್ಲಿ ಬೇಗ ಒಣಗುವುದಿಲ್ಲ, ಮೈ ಶಾಖ ಎಳೆದುಬಿಡುತ್ತದೆ. ನಿನ್ನ ಓಟದ ಪಾಲಿಯೆಸ್ಟರ್ ಅಂಗಿಗಳೇ ಸಾಕು.

ನಿನ್ನ ಹಳೇ ರಕ್‌ಸ್ಯಾಕ್ ಮಾರಾಟವಾಯಿತು. ಮೊದಲು ಮುಂಡರಗಿಯಿಂದ ಒಬ್ಬ ಹುಡುಗ ಬಂದಿದ್ದ. ದುಡ್ಡು ಕೈಯಲ್ಲೇ ಹಿಡಿದಿದ್ದ. ಹೆಗಲಿಗೆ ಏರಿಸಿದಾಗ ಸೊಂಟದ ಬೆಲ್ಟ್ ಹೊಟ್ಟೆಯ ಮೇಲೆ ಕೂತಿತು. ನನಗೆ ಸರಿ ಕಾಣಲಿಲ್ಲ. ಟೇಪ್ ತಂದು ಬೆನ್ನು ಅಳೆದೆ, ಇಪ್ಪತ್ತು ಇಂಚು. ನಿನ್ನ ಬ್ಯಾಗು ಹೆಚ್ಚೆಂದರೆ ಹದಿನೇಳಕ್ಕೆ ಹೊಂದುತ್ತದೆ. ಅವನು ತಗೊಂಡಿದ್ದರೆ ಭಾರ ಪೂರ್ತಿ ಹೆಗಲಿಗೇ ಬೀಳುತ್ತಿತ್ತು, ಸೊಂಟ ಹೊರಬೇಕಾದದ್ದನ್ನು. "ಇದು ನಿನ್ನ ಅಳತೆಯದಲ್ಲಪ್ಪ" ಎಂದು ಚಹಾ ಕುಡಿಸಿ ಕಳಿಸಿದೆ. ನಿಮ್ಮ ಅಪ್ಪನಿಗೆ ಸ್ವಲ್ಪ ಬೇಜಾರಾಯಿತು. ಹದಿನೈದು ದಿನದ ಮೇಲೆ ಲಕ್ಷ್ಮೇಶ್ವರದ ಹುಡುಗಿಯೊಬ್ಬಳು ಬಂದಳು. ಅವಳ ಬೆನ್ನಿಗೆ ಹೊಲಿಸಿದ ಹಾಗೆ ಕೂತಿತು. ಬದಿಯ ಜಾಳಿಗೆ ಹರಿದಿದ್ದು, ತಳಕ್ಕೆ ನಾನು ತೇಪೆ ಹಾಕಿದ್ದು, ಎರಡನ್ನೂ ತೋರಿಸಿ 1,200ಕ್ಕೆ ಕೊಟ್ಟೆ. ಆ ದುಡ್ಡೂ ನಿನ್ನ ಲೆಕ್ಕಕ್ಕೇ. ನೀನು ಏನನ್ನೇ ಮಾರಿದರೂ ಕೆಟ್ಟ ಜಾಗವನ್ನು ಕೊಳ್ಳುವವರ ಬೆರಳು ಹಿಡಿದು ಮುಟ್ಟಿಸು.

ಈಗ ನಿನ್ನ ಹೊಸ ರಕ್‌ಸ್ಯಾಕ್ ಉಳಿಯಿತು. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಐವತ್ತು ಲೀಟರಿನದು ಇದೆ ಅಂತ ನನ್ನ ಗಿರಾಕಿಯೊಬ್ಬರು ಹೇಳಿದ್ದಾರೆ. ಭಾನುವಾರ ಹೋಗಿ ನೋಡಿಕೊಂಡು ಬರುತ್ತೇನೆ. ನನ್ನ ಅಳತೆ ನೋಟ್‌ಬುಕ್ಕಿನಲ್ಲಿ ನಿನ್ನ ಎದೆ, ಸೊಂಟ, ತೋಳು, ಭುಜ ಎಲ್ಲ ಇದೆ, ನೀನು ಮೂರು ವರ್ಷದವಳಿದ್ದಾಗಿನಿಂದ. ಬೆನ್ನಿನ ಉದ್ದ ಈಗಿನದು ಇಲ್ಲ. ತಲೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ, ಅಲ್ಲಿಂದ ಶುರು. ಸೊಂಟದ ಮೇಲೆ ಕೈ ಇಟ್ಟು ಹೆಬ್ಬೆರಳು ಹಿಂದೆ ಮಾಡು, ಎರಡು ಹೆಬ್ಬೆರಳ ನಡುವಿನ ಗೆರೆಗೆ ಮುಗಿಸು. ರೂಮಿನ ಗೆಳತಿಗೆ ಅಳೆಯೋಕೆ ಹೇಳು. ಟೇಪ್ ಇಲ್ಲದಿದ್ದರೆ ದಾರ ಹಿಡಿದು ಕತ್ತರಿಸಿ, ಆ ದಾರವನ್ನೇ ಕವರಿನಲ್ಲಿ ಹಾಕಿ ಶುಕ್ರವಾರದೊಳಗೆ ಕಳಿಸು.

ನಿನ್ನ ಅವ್ವ